ಡಿಲೀಟ್ ಆದ ವಿಡಿಯೋ ಎಲ್ಲಿಗೆ ಹೋಗುತ್ತದೆ?

ಮೊನ್ನೆ ಮಂಡ್ಯ ಕಡೆಯ ಹುಡುಗನೊಬ್ಬ ನನ್ನ ಅಂಗಡಿಗೆ ಬಂದಿದ್ದ. ಅವನ ಅಜ್ಜಿ ಸೋಬಾನೆ ಪದ ಹಾಡಿದ ವಿಡಿಯೋ ಫೋನಿನಲ್ಲಿತ್ತಂತೆ. ಸ್ಟೋರೇಜ್ ತುಂಬಿದೆ ಅಂತ ಹಳೆಯದನ್ನೆಲ್ಲ ಅಳಿಸುವಾಗ ಅದೂ ಹೋಯಿತು. ಅಜ್ಜಿ ಈಗ ಇಲ್ಲ. "ಸರ್, ಎಷ್ಟಾದ್ರೂ ಆಗ್ಲಿ, ತೆಗೆದುಕೊಡಿ" ಅಂದ.

ಅಷ್ಟರಲ್ಲಿ ಅವನು ನಾಲ್ಕು ರಿಕವರಿ ಆ್ಯಪ್ ಹಾಕಿಕೊಂಡು ನೋಡಿಯಾಗಿತ್ತು. ಒಂದರಲ್ಲಿ ಅಜ್ಜಿಯ ಮುಖ ಚಿಕ್ಕದಾಗಿ ಕಾಣಿಸಿತ್ತು. ಪೂರ್ತಿ ಬೇಕಾದರೆ ದುಡ್ಡು ಕಟ್ಟು ಅಂತ ಆ ಆ್ಯಪ್ ಕೇಳುತ್ತಿತ್ತು. ಕಟ್ಟಬೇಡ ಅಂದೆ. ಗ್ಯಾಲರಿ ಬೇಗ ತೆರೆಯಲಿ ಅಂತ ಫೋನು ಪ್ರತಿ ವಿಡಿಯೋದ್ದೂ ಒಂದು ಸಣ್ಣ ಚಿತ್ರ ಮಾಡಿಟ್ಟುಕೊಳ್ಳುತ್ತದೆ. ಇಂಥ ಆ್ಯಪ್‌ಗಳ ಕೈಗೆ ಸಿಗುವುದು ಬಹುತೇಕ ಅದೇ. ವಿಡಿಯೋ ಅಲ್ಲ.

ನಾನು ಮೊದಲು ನೋಡುವುದು ಕಸದ ಬುಟ್ಟಿ. ಐಫೋನಿನಲ್ಲಿ 'ರೀಸೆಂಟ್ಲಿ ಡಿಲೀಟೆಡ್', ಸ್ಯಾಮ್‌ಸಂಗ್ ಗ್ಯಾಲರಿಯಲ್ಲಿ 'ಟ್ರ್ಯಾಶ್'. ಎರಡರಲ್ಲೂ 30 ದಿನ ಇರುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದರೆ 60 ದಿನ, ಆಗಿರದಿದ್ದರೆ 30. ಗಾಬರಿಯಲ್ಲಿ ಓಡಿಬಂದವರಲ್ಲಿ ಎಷ್ಟೋ ಜನರ ವಿಡಿಯೋ ಅಲ್ಲೇ ಸುಮ್ನೆ ಕೂತಿರುತ್ತದೆ. ಅದಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ.

ಇಲ್ಲಿ ಒಂದು ಎಡವಟ್ಟು ಮತ್ತೆ ಮತ್ತೆ ನೋಡುತ್ತೇನೆ. ಬ್ಯಾಕಪ್ ಆಗಿದೆಯಲ್ಲ ಅಂದುಕೊಂಡು ಜನ ಗೂಗಲ್ ಫೋಟೋಸ್ ಒಳಗೇ ಡಿಲೀಟ್ ಒತ್ತುತ್ತಾರೆ. ಆಗ ಫೋನಿನಲ್ಲಿದ್ದದ್ದೂ ಹೋಗುತ್ತದೆ, ಗೂಗಲ್‌ನಲ್ಲಿದ್ದದ್ದೂ ಹೋಗುತ್ತದೆ. ಫೋನಿನ ಜಾಗ ಮಾತ್ರ ಖಾಲಿ ಮಾಡಬೇಕಿದ್ದರೆ ಅದೇ ಆ್ಯಪ್‌ನಲ್ಲಿ 'ಫ್ರೀ ಅಪ್ ಸ್ಪೇಸ್' ಅಂತ ಬೇರೆಯೇ ಬಟನ್ ಇದೆ.

ನಮ್ಮ ಹುಡುಗ ಟ್ರ್ಯಾಶನ್ನೂ ಗುಡಿಸಿ ಹಾಕಿದ್ದ. ಜಾಗ ಬೇಕಿತ್ತಲ್ಲ!

ಹಾಗಾದರೆ ಫೋನಿನ ಒಳಗಿನ ಸ್ಟೋರೇಜ್‌ನಿಂದ ಎಳೆದು ತೆಗೆಯಬಹುದಾ? ಹದಿನೈದು ವರ್ಷದ ಹಿಂದಾದರೆ ಆಗಬಹುದು ಅನ್ನುತ್ತಿದ್ದೆ. ಆಗ ಫೋನನ್ನು ಕಂಪ್ಯೂಟರಿಗೆ ಚುಚ್ಚಿದರೆ ಪೆನ್‌ಡ್ರೈವ್ ಥರ ತೆರೆದುಕೊಳ್ಳುತ್ತಿತ್ತು. ಈಗ ಫೋನು ತಾನು ತೋರಿಸಬೇಕೆಂದ ಫೈಲುಗಳನ್ನಷ್ಟೇ ತೋರಿಸುತ್ತದೆ. ಆಂಡ್ರಾಯ್ಡ್ 10ರೊಂದಿಗೆ ಅಥವಾ ಅದಾದ ಮೇಲೆ ಬಂದ ಫೋನುಗಳಲ್ಲಿ ಎಲ್ಲ ಫೈಲೂ ಎನ್‌ಕ್ರಿಪ್ಟ್ ಆಗಿಯೇ, ಅಂದರೆ ಬೀಗ ಹಾಕಿದ ಸಂಕೇತವಾಗಿಯೇ ಕೂತಿರುತ್ತದೆ. ಐಫೋನಿನಲ್ಲಂತೂ ಒಂದೊಂದು ಫೈಲಿಗೂ ಒಂದೊಂದು ಬೀಗದ ಕೈ. ಫೈಲ್ ಅಳಿಸಿದಾಗ ಆ ಬೀಗದ ಕೈಯೂ ಹೋಯಿತು ಅನ್ನಿ. ಇದರ ಜೊತೆಗೆ ಟ್ರಿಮ್ ಅಂತ ಒಂದಿದೆ. ರಾತ್ರಿ ಫೋನ್ ಚಾರ್ಜಿಗೆ ಹಾಕಿ ನೀವು ಮಲಗಿರುವಾಗ, ಖಾಲಿ ಬಿದ್ದ ಜಾಗಗಳ ಪಟ್ಟಿಯನ್ನು ಆಂಡ್ರಾಯ್ಡ್ ಮೆಮೊರಿ ಚಿಪ್ಪಿಗೆ ಒಪ್ಪಿಸುತ್ತದೆ. ಚಿಪ್ಪು ಆ ಜಾಗಗಳನ್ನು ನಿಜಕ್ಕೂ ಒರೆಸಿಬಿಡುತ್ತದೆ.

'ರೂಟ್ ಮಾಡಿದರೆ ಸಿಗುತ್ತೆ', ಅಂದರೆ ಫೋನಿನ ಪೂರ್ತಿ ಹಿಡಿತ ಕೈಗೆ ತಗೊಂಡರೆ ಸಿಗುತ್ತೆ ಅನ್ನುವವರೂ ಇದ್ದಾರೆ. ರೂಟ್ ಮಾಡಲು ಸಾಮಾನ್ಯವಾಗಿ ಮೊದಲು ಫೋನ್ ಆನ್ ಆಗುವಾಗ ಆಂಡ್ರಾಯ್ಡನ್ನು ಎಬ್ಬಿಸುವ ಬೂಟ್‌ಲೋಡರನ್ನು ಅನ್‌ಲಾಕ್ ಮಾಡಬೇಕು. ಹಾಗೆ ಮಾಡುವಾಗ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಉಂಗುರ ಹುಡುಕಲು ಬಾವಿಗೆ ಮಣ್ಣು ತುಂಬಿದ ಹಾಗೆ, ಅಲ್ವಾ?

ವಿಡಿಯೋ ಮೆಮೊರಿ ಕಾರ್ಡಿನಲ್ಲಿದ್ದರೆ ಮಾತ್ರ ನನಗೆ ಸ್ವಲ್ಪ ಧೈರ್ಯ. ಫೋನಿನ ಒಳ ಸ್ಟೋರೇಜ್ ಜೊತೆ ಬೆಸೆಯದೆ ಬೇರೆಯಾಗಿಯೇ ಬಳಸಿದ ಕಾರ್ಡಾಗಿರಬೇಕು, ಅಷ್ಟೆ. ತಕ್ಷಣ ತೆಗೆದಿಡಿ, ಅದರಲ್ಲಿ ಹೊಸದೇನನ್ನೂ ಸೇವ್ ಮಾಡಬೇಡಿ. ಕಾರ್ಡಿನ ಪೂರ್ತಿ ನಕಲು ತೆಗೆದುಕೊಂಡು, ಆ ನಕಲಿನ ಮೇಲೆ ಫೋಟೋರೆಕ್ ಓಡಿಸುತ್ತೇನೆ. ಅದು ಅಳಿಸಿಹೋದ ಫೈಲ್ ಹುಡುಕುವ ಉಚಿತ ಸಾಫ್ಟ್‌ವೇರ್. ಫೋಟೋ ಸುಲಭವಾಗಿ ಬರುತ್ತದೆ, ವಿಡಿಯೋ ಸತಾಯಿಸುತ್ತದೆ. ದೊಡ್ಡ ಫೈಲು ಕಾರ್ಡಿನಲ್ಲಿ ಚೂರುಚೂರಾಗಿ ಹರಡಿಕೊಂಡಿರಬಹುದು. ಎಂಪಿ4 ಫೈಲಿನಲ್ಲಿ ಯಾವ ಚೂರು ಎಲ್ಲಿದೆ ಎಂದು ಹೇಳುವ 'ಮೂವ್' ಅನ್ನುವ ಭಾಗವೊಂದಿದೆ. ಫೋನುಗಳು ಅದನ್ನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುತ್ತವೆ. ಅದು ಸಿಗದಿದ್ದರೆ ಫೈಲ್ ಬಂದರೂ ಓಡುವುದಿಲ್ಲ. ಆಗ ಅದೇ ಫೋನಿನಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಇನ್ನೊಂದು ವಿಡಿಯೋ ಕೇಳುತ್ತೇನೆ. ಅದನ್ನು ಅಚ್ಚಾಗಿ ಇಟ್ಟುಕೊಂಡು ಕೆಟ್ಟದ್ದನ್ನು ಸರಿಮಾಡಲು ಕೆಲವೊಮ್ಮೆ ಆಗುತ್ತದೆ.

ಹುಡುಗನ ಫೋನಿಗೆ ಕಾರ್ಡೇ ಇರಲಿಲ್ಲ. "ಇದನ್ನ ಯಾರಿಗಾದ್ರೂ ಕಳಿಸಿದ್ದೆಯಾ?" ಅಂತ ಕೇಳಿದೆ. ಮೈಸೂರಿನ ಅತ್ತೆಗೆ ವಾಟ್ಸಾಪ್ ಮಾಡಿದ್ದನಂತೆ. ಅವರು ಫೋನ್ ಬದಲಿಸಿಯಾಗಿತ್ತು.

ಹುಡುಗನ ಫೋನಿನಲ್ಲೇ ಫೈಲ್ ಮ್ಯಾನೇಜರ್ ತೆರೆದು ಒಂದರೊಳಗೊಂದು ಫೋಲ್ಡರ್‌ಗೆ ಇಳಿದೆ. ಆಂಡ್ರಾಯ್ಡ್, ಮೀಡಿಯಾ, ಕಾಮ್.ವಾಟ್ಸಾಪ್, ವಾಟ್ಸಾಪ್, ಮೀಡಿಯಾ, ವಾಟ್ಸಾಪ್ ವಿಡಿಯೋ, ಅದರೊಳಗೆ 'ಸೆಂಟ್', ಅಂದರೆ ಕಳಿಸಿದ್ದು. ನಾವು ಕಳಿಸಿದ ವಿಡಿಯೋದ ಚಿಕ್ಕದಾಗಿಸಿದ ನಕಲನ್ನು ವಾಟ್ಸಾಪ್ ಇಲ್ಲಿ ಇಟ್ಟಿರುತ್ತದೆ. ಈ ಫೋಲ್ಡರ್ ಗ್ಯಾಲರಿಯಲ್ಲಿ ಕಾಣುವುದಿಲ್ಲ. ಹಾಗಾಗಿ ಗ್ಯಾಲರಿ ಗುಡಿಸಿದವರ ಕಣ್ಣಿಗೂ ಬಿದ್ದಿರುವುದಿಲ್ಲ.

ಚಿತ್ರ ಮಸುಕಾಗಿತ್ತು. ಧ್ವನಿ ಚೆನ್ನಾಗಿಯೇ ಇತ್ತು. ಎರಡು ಪೆನ್‌ಡ್ರೈವ್‌ಗೆ ಹಾಕಿಕೊಟ್ಟೆ. ಪೆನ್‌ಡ್ರೈವ್ ದುಡ್ಡು ಮಾತ್ರ ತೆಗೆದುಕೊಂಡೆ.