ಹಾಳೂರಿನ ಗುರುತು ಎಲೆಯಲ್ಲಿ

ಗೇರುಸೊಪ್ಪೆಯ ಚತುರ್ಮುಖ ಬಸದಿಯ ಸುತ್ತ ಹಿಂದೆ ಊರಿತ್ತು, ಈಗ ಕಾಡಿದೆ. ಇಂಥ ಕಡೆ ಪಾಯ ಕಾಣದಿದ್ದರೂ ಜನ ಸುರಿದ ಬೂದಿ, ಸಗಣಿ, ಎಲುಬಿನ ರಂಜಕ (ಫಾಸ್ಫರಸ್) ಮಣ್ಣಲ್ಲಿ ಉಳಿದಿರುತ್ತದೆ. ಅಲ್ಲಿ ಬೆಳೆದ ಮರದ ಬೇರು ಅದನ್ನು ಹೀರಿದರೆ ಎಲೆಯಲ್ಲೂ ಗುರುತು ಸಿಗಬಹುದು. ಹಳೆಯ ವಸತಿಯ ಮಣ್ಣಲ್ಲಿ ರಂಜಕ ಹೆಚ್ಚಿರುವುದನ್ನು ಸ್ವೀಡನ್ನಿನ ಮಣ್ಣುವಿಜ್ಞಾನಿ ಓಲೋಫ್ ಅರೇನಿಯಸ್ 1920ರ ದಶಕದಲ್ಲೇ ಹೊಲದ ಮಣ್ಣಿನ ಪರೀಕ್ಷೆಯಲ್ಲಿ ಗಮನಿಸಿದ್ದರು.

ಕರಾವಳಿಯ ಸುಮಾರು 3000 ಮಿ.ಮೀ. ಮಳೆಗೆ ಪೊಟ್ಯಾಸಿಯಂ, ಕ್ಯಾಲ್ಸಿಯಂ ಬಹುಪಾಲು ತೊಳೆದುಹೋಗುತ್ತವೆ. ರಂಜಕವನ್ನು ಮಾತ್ರ ಚಿರೇಕಲ್ಲಿನ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಬಿಗಿಹಿಡಿಯುತ್ತವೆ. ತೊಡಕೂ ಅಲ್ಲೇ ಇದೆ: ಹಾಗೆ ಬಿಗಿದದ್ದು ಬೇರಿಗೆ ಸುಲಭವಾಗಿ ದಕ್ಕದು. ಎಲೆಯಲ್ಲಿ ರಂಜಕ ಹೆಚ್ಚಿದ್ದರೆ ಅದೊಂದು ಸುಳಿವು. ಇಲ್ಲದಿದ್ದರೆ ಅಲ್ಲಿ ಮನೆಯಿರಲಿಲ್ಲ ಎನ್ನುವಂತಿಲ್ಲ.

ಹೋಲಿಕೆ ಒಂದೇ ಜಾತಿಯ ಮರಗಳ ನಡುವೆ ಇರಲಿ. ಮತ್ತಿ ಮರ ತಾನಾಗಿಯೇ ಕ್ಯಾಲ್ಸಿಯಂ ಕೂಡಿಡುತ್ತದೆ. ಅದರ ಎಲೆಯನ್ನು ನಂದಿ ಮರದ ಎಲೆಗೆ ಹೋಲಿಸಿದರೆ ಎಲ್ಲೆಲ್ಲೂ ಸುಣ್ಣದ ಗೋಡೆ ಕಂಡೀತು. ಹೊನ್ನೆ, ಬೀಟೆ ದ್ವಿದಳ ಜಾತಿಯವು, ಗಾಳಿಯ ಸಾರಜನಕ ಹಿಡಿಯಬಲ್ಲವು. ಸಗಣಿಯಿಂದ ಅಮೋನಿಯಾ ಆವಿಯಾದಾಗ ಹಿಂದುಳಿಯುವ ಸಾರಜನಕ-15 (ಸಾರಜನಕದ ಭಾರವಾದ ಐಸೊಟೋಪು) ಇನ್ನೊಂದು ಸುಳಿವು. ಅದರ ಜಾಡು ಈ ಮರಗಳಲ್ಲಿ ಮಸುಕಾಗುತ್ತದೆ.

ಮಳೆ ನಿಂತ ಮೇಲೆ, ನವೆಂಬರ್ ಸುಮಾರಿಗೆ, ಬಲಿತ ಹಸಿರೆಲೆ ಕೀಳಿ. ಉದುರಲು ಸಿದ್ಧವಾದ ಹಳದಿ ಎಲೆ ಬೇಡ. ಅದರ ರಂಜಕವನ್ನು ಮರ ಆಗಲೇ ವಾಪಸು ಎಳೆದುಕೊಂಡಿರುತ್ತದೆ. ಒಂದು ತಾಣಕ್ಕೆ ಎಂಟ್ಹತ್ತು ಮರ, ಪ್ರತಿ ಮರಕ್ಕೆ ಹತ್ತು ಎಲೆ, ಒಂದೇ ಎತ್ತರ, ಒಂದೇ ಬಿಸಿಲು. ಮಣ್ಣೂ ಇಳಿಜಾರೂ ಅಂಥದೇ ಇದ್ದು ಯಾರೂ ನೆಲೆಸಿರದ ಜಾಗದಿಂದಲೂ ಅಷ್ಟೇ ಮಾದರಿ ಬೇಕು. ಅದಿಲ್ಲದೆ ಅಂಕಿಗೆ ಅರ್ಥವಿಲ್ಲ.

ಪ್ಲಾಸ್ಟಿಕ್ ಚೀಲದಲ್ಲಿ ಎಲೆ ಬೆವರಿ ಬೂಸಲು ಹಿಡಿಯುತ್ತದೆ, ಕಾಗದದ ಲಕೋಟೆಯೇ ಸರಿ. ಕೆಂಧೂಳು ಅಂಟಿದ್ದರೆ ಕಬ್ಬಿಣದ ಅಂಕಿ ಸುಮ್ಮನೆ ಏರುತ್ತದೆ. ಬಟ್ಟಿ ಇಳಿಸಿದ ನೀರಲ್ಲಿ ಬೇಗ ಜಾಲಿಸಿ. ಸತು ಅಳೆಯುವುದಿದ್ದರೆ ಸತುವಿನ ಲೇಪದ ಬಕೆಟ್ ದೂರವಿಡಿ. 70 ಡಿಗ್ರಿ ಸೆಲ್ಸಿಯಸ್‌ನಲ್ಲಿ 48 ಗಂಟೆ ಒಣಗಿಸಿ, ಪುಡಿಮಾಡಿ, ಅರ್ಧ ಗ್ರಾಂ ಪುಡಿಯನ್ನು ಆಮ್ಲದಲ್ಲಿ ಕರಗಿಸಲು ಪ್ರಯೋಗಾಲಯಕ್ಕೆ ಕೊಡಿ. ಸಾರಜನಕ-15 ಅಳೆಯಲು ಕೆಲವೇ ಮಿಲಿಗ್ರಾಂ ಸಾಕು.

ಮೋಸ ಹೋಗುವುದು ಹೆಚ್ಚಾಗಿ ಸಿರಸಿ ಕಡೆ. ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ಕಡಿಯುವ ಕಾಡಿನ) ಕೆಳಗಿನ ಅಡಿಕೆ ತೋಟಕ್ಕೆ ತಲೆತಲಾಂತರದಿಂದ ಸೊಪ್ಪು, ಕೊಟ್ಟಿಗೆ ಗೊಬ್ಬರ ಬಿದ್ದಿರುತ್ತದೆ. ಪಾಳುಬಿದ್ದ ತೋಟವೂ ಹಳೆಯ ಮನೆಯಂತೆಯೇ ಓದಿಸಿಕೊಳ್ಳುತ್ತದೆ. ದನ ಮಲಗುವ ಬಯಲು, ಹುತ್ತ, ಸೂಪರ್ ಫಾಸ್ಫೇಟ್ ಎಂಬ ರಂಜಕದ ಗೊಬ್ಬರ ಹಾಕಿದ ಹೊಲದ ಅಂಚೂ ಹಾಗೆಯೇ. ಎಲೆ ಕಾಲವನ್ನೂ ಹೇಳದು. ಹೆಂಚಿನ ಚೂರು, ಮಡಕೆಯ ಓಡು, ಇದ್ದಿಲು ಅದೇ ಜಾಗದಲ್ಲಿ ಸಿಕ್ಕರೆ ಮಾತ್ರ, ಪುರಾತತ್ವ ಇಲಾಖೆಯ ಅನುಮತಿಯೊಂದಿಗೆ, ಗುದ್ದಲಿಯ ಮಾತು.