ಸ್ತನಕ್ಕೆ ಕಾವಲು, ಗರ್ಭಕೋಶಕ್ಕೆ ಕಾಟ: ಟಮಾಕ್ಸಿಫೆನ್ ನುಂಗುವವರು ಗರ್ಭಕೋಶ ತೆಗೆಸಬೇಕೆ?

ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿ, ರೋಗ ಮರಳದಿರಲೆಂದು ಟಮಾಕ್ಸಿಫೆನ್ ಮಾತ್ರೆ ನುಂಗುತ್ತಿರುವ ಹೆಣ್ಣಿನ ಸ್ಕ್ಯಾನಿಂಗ್ ವರದಿಯಲ್ಲಿ "ಎಂಡೊಮೆಟ್ರಿಯಂ 14 ಮಿ.ಮೀ." (ಅಂದರೆ ಗರ್ಭಕೋಶದ ಒಳಪದರದ ದಪ್ಪ) ಎಂಬ ಒಂದು ಸಾಲು ಬಂದರೆ ಸಾಕು, ಮನೆಮಂದಿಯೆಲ್ಲ ವೈದ್ಯರಾಗುತ್ತಾರೆ. "ಹೇಗೂ ಮಕ್ಕಳಾಗಿವೆ, ಇನ್ನು ಗರ್ಭಕೋಶ ಯಾಕೆ ಬೇಕು, ತೆಗೆಸಿಬಿಡು." ಈ ಮಾತಿನೊಳಗೆ ಎರಡು ತಪ್ಪು ಕಲ್ಪನೆಗಳು ಅಡಗಿವೆ. ಒಂದು, ಒಳಪದರ ದಪ್ಪವಾದರೆ ಅದು ಕ್ಯಾನ್ಸರೇ ಎಂಬುದು. ಇನ್ನೊಂದು, ಗರ್ಭಕೋಶ ತೆಗೆದರೆ ಸ್ತನ ಕ್ಯಾನ್ಸರಿಗೆ ಮೇವು ಹಾಕುವ ಹಾರ್ಮೋನೂ ನಿಂತುಹೋಗುತ್ತದೆ ಎಂಬುದು. ಗರ್ಭಕೋಶ ಈಸ್ಟ್ರೋಜನ್ ತಯಾರಿಸುವ ಅಂಗವೇ ಅಲ್ಲ. ಅದನ್ನು ತಯಾರಿಸುವುದು ಅಂಡಾಶಯ. ಮುಟ್ಟು ನಿಂತ ಮೇಲೆ ಕೊಬ್ಬಿನ ಅಂಗಾಂಶವೂ ಸ್ವಲ್ಪ ತಯಾರಿಸುತ್ತದೆ. ಗರ್ಭಕೋಶದ್ದು ಆ ಹಾರ್ಮೋನಿನ ಮಾತು ಕೇಳುವ ಕೆಲಸ ಮಾತ್ರ. ಇಷ್ಟು ಬಿಡಿಸಿಕೊಂಡರೆ ಶಸ್ತ್ರಚಿಕಿತ್ಸೆ ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದು ಬಹುಮಟ್ಟಿಗೆ ತಾನಾಗಿಯೇ ತಿಳಿಯಾಗುತ್ತದೆ.

ಈ ಮಾತ್ರೆಯ ಕಥೆ ಶುರುವಾದದ್ದೇ ವಿಚಿತ್ರವಾಗಿ. 1962ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನ ವಿಜ್ಞಾನಿ ಇದನ್ನು ತಯಾರಿಸಿದರು. ಆಗ ಅದಕ್ಕೆ ಇದ್ದದ್ದು ಐಸಿಐ 46,474 ಎಂಬ ಸಂಖ್ಯೆ ಮಾತ್ರ. ಆರ್ಥರ್ ವಾಲ್ಪೋಲ್ ಅವರ ತಂಡ ಹುಡುಕುತ್ತಿದ್ದದ್ದು ಗರ್ಭನಿರೋಧಕವನ್ನು. ಇಲಿಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡಿತು. ಹೆಂಗಸರಲ್ಲಿ ಅಂಡೋತ್ಪತ್ತಿಯನ್ನೇ ಹೆಚ್ಚಿಸಿತು! ಇನ್ನೊಂದು ವಿಚಿತ್ರವೂ ಕಂಡಿತು: ಚಿಕ್ಕ ಇಲಿಗಳ ಜಾತಿಯಲ್ಲಿ ಈಸ್ಟ್ರೋಜನ್ನಿನಂತೆಯೇ ವರ್ತಿಸಿದ ವಸ್ತು, ದೊಡ್ಡ ಇಲಿಗಳಲ್ಲಿ ಈಸ್ಟ್ರೋಜನ್ನಿಗೆ ಅಡ್ಡಗಾಲು ಹಾಕಿತು. 1971ರಲ್ಲಿ ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯಿಂದ ಮೇರಿ ಕೋಲ್ ಮತ್ತು ಸಂಗಡಿಗರು ಹರಡಿದ ಸ್ತನ ಕ್ಯಾನ್ಸರಿಗೆ ಇದನ್ನು ಕೊಟ್ಟ ಅನುಭವ ಪ್ರಕಟಿಸಿದರು. ಇಲಿಗಳಲ್ಲಿ ಕಂಡ ಆ ಇಬ್ಬಗೆಯ ನಡತೆ ಒಬ್ಬಳೇ ಹೆಣ್ಣಿನ ಎರಡು ಅಂಗಗಳಲ್ಲಿ ಏಕಕಾಲಕ್ಕೆ ನಡೆಯುತ್ತದೆ ಎಂಬುದು ತಿಳಿದದ್ದು ಆಮೇಲೆ.

ಅದು ನಡೆಯುವ ಬಗೆ ಎಷ್ಟು ಸೊಗಸಾಗಿದೆ ಎಂದರೆ ಅದನ್ನು ಹೇಳದೆ ಮುಂದೆ ಹೋಗಲಾಗದು. ಜೀವಕೋಶದೊಳಗೆ ಈಸ್ಟ್ರೋಜನ್ ಗ್ರಾಹಕ ಎಂಬ ಪ್ರೋಟೀನ್ ಇದೆ. ಅದರಲ್ಲೊಂದು ಕುಳಿ, ಕುಳಿಯ ಬಾಯಲ್ಲಿ ಹನ್ನೆರಡನೇ ಸುರುಳಿ ಎಂದು ಕರೆಯುವ ಒಂದು ಸಣ್ಣ ತುಣುಕು. ಈಸ್ಟ್ರೋಜನ್ ಕುಳಿಯೊಳಗೆ ಕೂತರೆ ಈ ಸುರುಳಿ ಮುಚ್ಚಳದಂತೆ ಮೇಲೆ ಕೂರುತ್ತದೆ. ಮುಚ್ಚಳ ಸರಿಯಾಗಿ ಕೂತಾಗ ಪಕ್ಕದಲ್ಲಿ ಒಂದು ತೋಡು ತೆರೆದುಕೊಳ್ಳುತ್ತದೆ. ಸಹಾಯಕ ಪ್ರೋಟೀನುಗಳು ಬಂದು ಆ ತೋಡನ್ನು ಹಿಡಿದುಕೊಂಡರೆ "ಕೋಶವೇ, ವಿಭಜನೆಯಾಗು" ಎಂಬ ಆಜ್ಞೆ ಹೊರಡುತ್ತದೆ. ಟಮಾಕ್ಸಿಫೆನ್ನೂ ಅದೇ ಕುಳಿಗೆ ಇಳಿಯುತ್ತದೆ, ಆದರೆ ಅದಕ್ಕೊಂದು ಉದ್ದನೆಯ ಬಾಲ. ಸೌಟನ್ನು ಒಳಗೇ ಬಿಟ್ಟ ಡಬ್ಬಿಯ ಮುಚ್ಚಳ ಹೇಗೆ ಕೂರುವುದಿಲ್ಲವೋ ಹಾಗೆ ಆ ಬಾಲ ಸುರುಳಿಯನ್ನು ಎತ್ತಿ ಆಚೆಗೆ ತಳ್ಳುತ್ತದೆ. ತಳ್ಳಿಸಿಕೊಂಡ ಸುರುಳಿ ಹೋಗಿ ಬೀಳುವುದು ನೇರ ಆ ತೋಡಿಗೇ. ಸಹಾಯಕ ಪ್ರೋಟೀನಿಗೆ ಜಾಗವೇ ಇಲ್ಲ. 1998ರಲ್ಲಿ ಈ ಸ್ಫಟಿಕ ರಚನೆ ಪ್ರಕಟವಾದಾಗ, ಇಪ್ಪತ್ತೈದು ವರ್ಷಗಳಿಂದ ಬಳಕೆಯಲ್ಲಿದ್ದ ಔಷಧಿ ಏನು ಮಾಡುತ್ತಿತ್ತು ಎಂಬುದು ಮೊದಲ ಬಾರಿಗೆ ಕಣ್ಣಿಗೆ ಕಂಡಂತಾಯಿತು.

ಹಾಗಾದರೆ ಗರ್ಭಕೋಶದಲ್ಲಿ ಅದೇ ಔಷಧಿ ಬೆಳವಣಿಗೆಯನ್ನು ಯಾಕೆ ಕೆರಳಿಸುತ್ತದೆ? ಗ್ರಾಹಕಕ್ಕೆ ಇನ್ನೊಂದು ತುದಿಯೂ ಇದೆ. ಅದರ ಕೆಲಸ ಈ ಸುರುಳಿಯನ್ನು ನೆಚ್ಚಿಕೊಂಡಿಲ್ಲ. ಗರ್ಭಕೋಶದ ಒಳಪದರದ ಕೋಶಗಳಲ್ಲಿ ಎಸ್‌ಆರ್‌ಸಿ-1 ಎಂಬ ಸಹಾಯಕ ಪ್ರೋಟೀನ್ ಹೇರಳವಾಗಿದೆ. ಟಮಾಕ್ಸಿಫೆನ್ ಕೂತಿದ್ದರೂ ಅದು ಗ್ರಾಹಕದ ಜೊತೆ ಸೇರಿ ಕೆಲವು ಜೀನ್‌ಗಳನ್ನು ಚಾಲೂ ಮಾಡುತ್ತದೆ. ಸ್ತನದ ಕೋಶಗಳಲ್ಲಿ ಆ ಪ್ರೋಟೀನ್ ಕಡಿಮೆ, ಬೆಳವಣಿಗೆಗೆ ತಡೆ ಹಾಕುವ ಪ್ರೋಟೀನುಗಳದ್ದೇ ಮೇಲುಗೈ. ಔಷಧಿ ಒಂದೇ, ಗ್ರಾಹಕ ಒಂದೇ. ಸುತ್ತಲಿನ ಪ್ರೋಟೀನುಗಳ ಬಳಗ ಬೇರೆ.

ಅಪಾಯ ಎಷ್ಟು? 13,388 ಮಹಿಳೆಯರ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಅಮೆರಿಕದ ಪಿ-1 ಅಧ್ಯಯನದಲ್ಲಿ, ಮಾತ್ರೆ ನುಂಗದವರಲ್ಲಿ ವರ್ಷಕ್ಕೆ 1,000ಕ್ಕೆ 0.91 ಇದ್ದ ಒಳಪದರದ ಕ್ಯಾನ್ಸರ್, ನುಂಗಿದವರಲ್ಲಿ 2.30 ಆಯಿತು. ಹೆಚ್ಚಳ ಕಂಡದ್ದು ಮುಖ್ಯವಾಗಿ 50 ದಾಟಿದವರಲ್ಲಿ. ಐದರ ಬದಲು ಹತ್ತು ವರ್ಷ ಮಾತ್ರೆ ನುಂಗಿದರೆ ಏನಾಗುತ್ತದೆ ಎಂದು ನೋಡಿದ ಅಟ್ಲಾಸ್ ಅಧ್ಯಯನದಲ್ಲಿ ಗರ್ಭಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ 0.2%ರಿಂದ 0.4%ಕ್ಕೆ ಏರಿತು, ಅದೇ ಅವಧಿಯಲ್ಲಿ ಸ್ತನ ಕ್ಯಾನ್ಸರಿನಿಂದ ಸಾಯುವ ಅಪಾಯ 15%ರಿಂದ 12.2%ಕ್ಕೆ ಇಳಿಯಿತು. ಗರ್ಭಕೋಶದ ಭಯಕ್ಕೆ ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸುವವರು ಈ ಎರಡು ಜೋಡಿ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಇನ್ನು ಆ 14 ಮಿ.ಮೀ. ವಿಷಯ. ಮುಟ್ಟು ನಿಂತವರಲ್ಲಿ ಒಳಪದರ ತೆಳ್ಳಗಿರಬೇಕು. ರಕ್ತಸ್ರಾವ ಆದವರಲ್ಲಿ 4 ಮಿ.ಮೀ. ಮೀರಿದರೆ ಪರೀಕ್ಷೆ ಮಾಡುತ್ತಾರೆ. ಟಮಾಕ್ಸಿಫೆನ್ ನುಂಗುವವರಿಗೆ ಈ ಅಳತೆಗೋಲು ಹೊಂದುವುದಿಲ್ಲ. ಮಾತ್ರೆಯಿಂದ ಒಳಪದರದ ಅಡಿಯ ಅಂಗಾಂಶದಲ್ಲಿ ನೀರು ತುಂಬಿ ಊದಿಕೊಳ್ಳುತ್ತದೆ, ಗ್ರಂಥಿಗಳು ಸಣ್ಣ ಸಣ್ಣ ಗುಳ್ಳೆಗಳಾಗಿ ಹಿಗ್ಗುತ್ತವೆ. ಸ್ಕ್ಯಾನಿಂಗ್ ಪರದೆಯ ಮೇಲೆ ದಪ್ಪನೆಯ, ತೂತುತೂತಾದ ಬಿಳಿ ಪಟ್ಟಿ. ಅದೇ ಗರ್ಭಕೋಶದೊಳಗೆ ಹಿಸ್ಟೆರೋಸ್ಕೋಪಿಯ ಕ್ಯಾಮೆರಾ ಕೊಳವೆ ಇಳಿಸಿ ನೋಡಿದರೆ ಎಷ್ಟೋ ಸಲ ಕಾಣುವುದು ನುಣುಪಾದ, ಬಿಳಿಚಿಕೊಂಡ, ಸವೆದ ಪದರ. ಸ್ಕ್ಯಾನಿಂಗ್ ಅಳೆದದ್ದು ಅಡಿಯ ನೀರನ್ನು. ಅದಕ್ಕೇ, ಯಾವ ತೊಂದರೆಯೂ ಇಲ್ಲದವರಿಗೆ ವರ್ಷ ವರ್ಷ ಸ್ಕ್ಯಾನಿಂಗ್ ಮಾಡಬೇಡಿ ಎಂದು ಅಮೆರಿಕದ ಸ್ತ್ರೀರೋಗ ತಜ್ಞರ ಸಂಘ 2014ರಲ್ಲೇ ಹೇಳಿದೆ. ಅನಗತ್ಯ ಬಯಾಪ್ಸಿಗಳು, ಅನಗತ್ಯ ಆಪರೇಶನ್ನುಗಳು ಶುರುವಾಗುವುದು ಇಂಥ ವರದಿಗಳಿಂದಲೇ.

ನಂಬಬೇಕಾದ ಸೂಚನೆ ರಕ್ತ. ಮುಟ್ಟು ನಿಂತ ಮೇಲೆ ಒಂದು ಹನಿ ಕಂದು ಕಲೆಯಾದರೂ ಸರಿ, ಕೆಂಪು ಮಿಶ್ರಿತ ನೀರಿನಂಥ ಸ್ರಾವವಾದರೂ ಸರಿ, ಆ ವಾರವೇ ತೋರಿಸಬೇಕು. ಮುಟ್ಟು ಇನ್ನೂ ಇರುವವರಲ್ಲಿ ಲಯ ತಪ್ಪಿದ, ಹೆಚ್ಚಾದ ಸ್ರಾವಕ್ಕೂ ಇದೇ ಮಾತು. ಮೊದಲು ಮಾಡುವುದು ಸುಮಾರು 3 ಮಿ.ಮೀ. ಅಗಲದ ಮೆದು ಕೊಳವೆಯಿಂದ ಒಳಪದರದ ಚೂರು ಹೀರಿ ತೆಗೆಯುವ ಬಯಾಪ್ಸಿ. ಅರಿವಳಿಕೆ ಬೇಕಾಗುವುದಿಲ್ಲ, ಮುಟ್ಟಿನ ನೋವಿನಂಥ ಸೆಳೆತ ಕೆಲವು ನಿಮಿಷ ಇರುತ್ತದೆ. ಇದರ ದೌರ್ಬಲ್ಯ ಒಂದಿದೆ: ಕಣ್ಣಿಲ್ಲದ ಕೊಳವೆ, ಒಳಪದರದಲ್ಲಿ ಬೆಳೆಯುವ ಮೆದು ಗಂಟಾದ ಪಾಲಿಪ್‌ನ ಪಕ್ಕದಲ್ಲೇ ಹಾದುಹೋಗಿ ಅದನ್ನು ಬಿಟ್ಟುಬಿಡಬಹುದು. ಟಮಾಕ್ಸಿಫೆನ್ನಿನವರಲ್ಲಿ ಪಾಲಿಪ್ ಸಾಮಾನ್ಯ. ಆದ್ದರಿಂದ ಬಯಾಪ್ಸಿ ಸರಿಯಾಗಿದ್ದೂ ರಕ್ತ ನಿಲ್ಲದಿದ್ದರೆ "ರಿಪೋರ್ಟ್ ನಾರ್ಮಲ್" ಎಂದು ಸುಮ್ಮನಾಗಬಾರದು, ಹಿಸ್ಟೆರೋಸ್ಕೋಪಿ ಕೇಳಿ ಮಾಡಿಸಿಕೊಳ್ಳಬೇಕು.

ಗರ್ಭಕೋಶ ತೆಗೆಯಲೇಬೇಕಾದ ಸಂದರ್ಭಗಳು ಇವೆ. ಕ್ಯಾನ್ಸರ್ ಖಚಿತವಾದರೆ ಪ್ರಶ್ನೆಯೇ ಇಲ್ಲ. ವರದಿಯಲ್ಲಿ ಅಟಿಪಿಕಲ್ ಹೈಪರ್‌ಪ್ಲೇಸಿಯ (ಒಳಪದರದ ಕೋಶಗಳು ಅಸಹಜ ರೂಪದಲ್ಲಿ ಹೆಚ್ಚಾಗಿರುವುದು) ಎಂದಿದ್ದರೂ ತೆಗೆಯುವುದೇ ಸರಿ. ಹಾಗೆ ಬಂದವರ ಗರ್ಭಕೋಶ ತೆಗೆದು ನೋಡಿದಾಗ ಸುಮಾರು 40% ಮಂದಿಯಲ್ಲಿ ಕ್ಯಾನ್ಸರ್ ಆಗಲೇ ಇದ್ದದ್ದು ದೊಡ್ಡ ಅಧ್ಯಯನವೊಂದರಲ್ಲಿ ಕಂಡುಬಂದಿದೆ. ಲಿಂಚ್ ಸಿಂಡ್ರೋಮ್ ಎಂಬ, ಗರ್ಭಕೋಶದ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ವಂಶವಾಹಿ ದೋಷ ಇರುವವರಿಗೂ ಸಲಹೆ ಇದೇ. ಇವುಗಳ ಆಚೆ ಒಂದು ಬೂದು ವಲಯವಿದೆ: ಕ್ಯಾನ್ಸರ್ ಅಲ್ಲ, ಆದರೆ ನಿಲ್ಲದ ಸ್ರಾವ. ಉಳಿದ ಹೆಂಗಸರಿಗೆ ಆಪರೇಶನ್ ತಪ್ಪಿಸುವ ದಾರಿಗಳು ಸ್ತನ ಕ್ಯಾನ್ಸರ್ ಆದವರಿಗೆ ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಪ್ರೊಜೆಸ್ಟರಾನ್ ಮಾತ್ರೆ, ಹಾರ್ಮೋನ್ ಬಿಡುವ ಲೂಪ್ ಸಾಮಾನ್ಯವಾಗಿ ಬೇಡ, ಅವು ಹಾರ್ಮೋನೇ. ಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲವನ್ನು ಟಮಾಕ್ಸಿಫೆನ್ ಜೊತೆ ಕೊಡಲು ಹಿಂಜರಿಯುತ್ತಾರೆ, ರಕ್ತ ಹೆಪ್ಪುಗಟ್ಟುವ ಭಯ. ಒಳಪದರವನ್ನು ಸುಟ್ಟುಹಾಕುವ ಅಬ್ಲೇಶನ್ ಮಾಡಿದರೆ ಗಾಯದ ಕಲೆ ಕಟ್ಟಿಕೊಂಡು, ಮುಂದೆ ನಿಜವಾದ ಕ್ಯಾನ್ಸರ್ ಬಂದಾಗ ಅದರ ಮುಖ್ಯ ಎಚ್ಚರಿಕೆಯಾದ ರಕ್ತವೇ ಹೊರಬರದೆ ಹೋಗಬಹುದು. ಮುಟ್ಟು ನಿಂತವರಿಗೆ ಇನ್ನೊಂದು ಬಾಗಿಲು ತೆರೆದಿದೆ: ಲೆಟ್ರೊಜೋಲ್, ಅನಾಸ್ಟ್ರೊಜೋಲ್‌ನಂಥ ಮಾತ್ರೆಗೆ ಬದಲಾಯಿಸುವುದು. ಅವು ಈಸ್ಟ್ರೋಜನ್ ತಯಾರಿಯನ್ನೇ ತಡೆಯುವುದರಿಂದ ಗರ್ಭಕೋಶವನ್ನು ಕೆಣಕುವುದಿಲ್ಲ. ಬದಲಿಗೆ ಮೂಳೆ ಸವೆಸುತ್ತವೆ.

ಅಂಡಾಶಯದ ಪ್ರಶ್ನೆ ಬೇರೆಯದೇ, ಅದನ್ನು ಗರ್ಭಕೋಶದ ಜೊತೆ "ಹೇಗೂ ಹೊಟ್ಟೆ ಕೊಯ್ಯುತ್ತಾರಲ್ಲ" ಎಂದು ಸೇರಿಸಿಬಿಡಬಾರದು. 1896ರಲ್ಲಿ ಗ್ಲಾಸ್ಗೋದ ಜಾರ್ಜ್ ಬೀಟ್ಸನ್, ಹಾರ್ಮೋನ್ ಎಂಬ ಹೆಸರೇ ಹುಟ್ಟದಿದ್ದ ಕಾಲದಲ್ಲಿ, ಅಂಡಾಶಯ ತೆಗೆದರೆ ಸ್ತನದ ಗಡ್ಡೆ ಕುಗ್ಗುವುದನ್ನು ವರದಿ ಮಾಡಿದ್ದರು. ಹಾಗಾಗಿ ಮುಟ್ಟು ಇನ್ನೂ ಇರುವ, ಹಾರ್ಮೋನ್ ಗ್ರಾಹಕ ಪಾಸಿಟಿವ್ ಇರುವ (ಗಡ್ಡೆಯ ಕೋಶಗಳಲ್ಲಿ ಆ ಗ್ರಾಹಕ ಇರುವ) ಹೆಂಗಸರಿಗೆ ಅಂಡಾಶಯ ತೆಗೆಯುವುದೇ ಚಿಕಿತ್ಸೆಯ ಭಾಗವಾಗಬಹುದು. ಬಿಆರ್‌ಸಿಎ-1 ಜೀನಿನ ದೋಷ (ಸ್ತನ, ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚಿಸುವಂಥದ್ದು) ಇದ್ದವರಿಗೆ 35ರಿಂದ 40, ಬಿಆರ್‌ಸಿಎ-2ಕ್ಕೆ 40ರಿಂದ 45ರ ಹರೆಯದಲ್ಲಿ ಅಂಡಾಶಯ ಮತ್ತು ಅಂಡನಾಳ ತೆಗೆಸಲು ಹೇಳುತ್ತಾರೆ. ಅವರಿಗೆ ಗರ್ಭಕೋಶ ತೆಗೆಯುವುದು ಕಡ್ಡಾಯವಲ್ಲ. ತೆಗೆದ ಅಂಡನಾಳದ ಜಾಲರಿಯಂಥ ತುದಿಯನ್ನು 2-3 ಮಿ.ಮೀ. ತೆಳು ಹೋಳುಗಳಾಗಿ ಕತ್ತರಿಸಿ ಪೂರ್ತಿ ಪರೀಕ್ಷಿಸಬೇಕು, ಯಾಕೆಂದರೆ ಅಂಡಾಶಯದ ಕ್ಯಾನ್ಸರ್ ಎನ್ನುವ ಬಹಳಷ್ಟು ರೋಗ ಹುಟ್ಟುವುದು ಅಲ್ಲಿಯೇ. ಗ್ರಾಹಕ ನೆಗೆಟಿವ್ ಇದ್ದು, ವಂಶವಾಹಿ ದೋಷವೂ ಇಲ್ಲದ 42ರ ಹೆಣ್ಣಿನ ಆರೋಗ್ಯವಂತ ಅಂಡಾಶಯ ತೆಗೆದರೆ ಸಿಗುವುದು ಬೇಗ ಸವೆಯುವ ಮೂಳೆ, ಹೃದ್ರೋಗದ ಅಪಾಯ, ಬಿಸಿ ಏರುವ ರಾತ್ರಿಗಳು. ಅವುಗಳಿಗೆ ಹಾರ್ಮೋನ್ ಚಿಕಿತ್ಸೆ ಕೊಡೋಣವೆಂದರೆ ಹಿಂದಿನ ಸ್ತನ ಕ್ಯಾನ್ಸರ್ ಅಡ್ಡ ಬರುತ್ತದೆ.

ಆಪರೇಶನ್ ನಿಶ್ಚಯವಾಯಿತು ಎನ್ನೋಣ. ಕೀಮೋದಲ್ಲಿ ಡಾಕ್ಸೊರುಬಿಸಿನ್ ಅಥವಾ ಎಪಿರುಬಿಸಿನ್, ಇಲ್ಲವೇ ಟ್ರಾಸ್ಟುಜುಮಾಬ್ ಪಡೆದಿದ್ದರೆ ಅರಿವಳಿಕೆಗೆ ಮುಂಚೆ ಹೃದಯದ ಎಕೋ ಆಗಬೇಕು; ಇವು ಹೃದಯದ ಸ್ನಾಯುವನ್ನು ಸದ್ದಿಲ್ಲದೆ ದುರ್ಬಲಗೊಳಿಸಿರಬಹುದು. ಕಂಕುಳ ಗ್ರಂಥಿ ತೆಗೆದ ಕೈ ಯಾವುದೆಂದು ಅರಿವಳಿಕೆ ತಜ್ಞರಿಗೆ ಮೊದಲೇ ಹೇಳಬೇಕು. ಟಮಾಕ್ಸಿಫೆನ್ ರಕ್ತ ಹೆಪ್ಪುಗಟ್ಟುವ ಸಾಧ್ಯತೆಯನ್ನು ಎರಡು ಮೂರು ಪಟ್ಟು ಹೆಚ್ಚಿಸುತ್ತದೆ. ಆಪರೇಶನ್ನಿನ ಹಿಂದಿನ ರಾತ್ರಿ ಒಂದು ಮಾತ್ರೆ ತಪ್ಪಿಸಿ ಪ್ರಯೋಜನವಿಲ್ಲ: ಅದರ ಅರ್ಧ ದೇಹದಿಂದ ಹೋಗಲು 5ರಿಂದ 7 ದಿನ ಬೇಕು, ಅದರಿಂದ ಹುಟ್ಟುವ ಮುಖ್ಯ ಉಪವಸ್ತುವಿಗೆ ಸುಮಾರು 14 ದಿನ. ನಿಲ್ಲಿಸುವುದಾದರೆ ಎರಡರಿಂದ ನಾಲ್ಕು ವಾರ ಮುಂಚೆ, ಅದೂ ಕ್ಯಾನ್ಸರ್ ತಜ್ಞರು ಹೇಳಿದರೆ ಮಾತ್ರ. ಇನ್ನೊಂದು ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳಬೇಕು: "ಗರ್ಭಕೋಶವನ್ನು ಇಡಿಯಾಗಿ ತೆಗೆಯುತ್ತೀರಾ, ಹೊಟ್ಟೆಯೊಳಗೇ ಚೂರು ಮಾಡಿ ತೆಗೆಯುತ್ತೀರಾ?" ಕ್ಯಾನ್ಸರಿನ ಅನುಮಾನ ಇದ್ದಲ್ಲಿ ಚೂರು ಮಾಡಿದರೆ ಕೋಶಗಳು ಚೆಲ್ಲಾಡುತ್ತವೆ. ಗರ್ಭಕಂಠವನ್ನೂ ಸೇರಿಸಿ, ಯೋನಿಯ ಮೂಲಕ ಇಡಿಯಾಗಿ ಹೊರತೆಗೆಯುವುದು ಸರಿಯಾದ ಕ್ರಮ.

ಗರ್ಭಕಂಠದಿಂದ ಸುಮಾರು 2 ಸೆಂ.ಮೀ. ದೂರದಲ್ಲಿ ಗರ್ಭಕೋಶದ ರಕ್ತನಾಳದ ಅಡಿಯಲ್ಲೇ ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಮೂತ್ರ ಒಯ್ಯುವ ನಾಳ ಹಾದುಹೋಗುತ್ತದೆ. ರಕ್ತನಾಳ ಕಟ್ಟುವಾಗ ಆ ಮೂತ್ರನಾಳಕ್ಕೆ ಪೆಟ್ಟಾಗುವುದು ಅಪರೂಪವಾದರೂ ಗುರುತಿಸಬೇಕಾದ ತೊಡಕು: ಒಂದೆರಡು ವಾರದೊಳಗೆ ಪಕ್ಕೆನೋವು, ಜ್ವರ, ಯೋನಿಯಿಂದ ಸದಾ ನೀರಿನಂತೆ ಒಸರುವುದು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ಹೆಪ್ಪುಗಟ್ಟಿದ ರಕ್ತದ ಲಕ್ಷಣ. ಕ್ಯಾನ್ಸರಿಗಾಗಿ ಆಪರೇಶನ್ ಆದವರಿಗೆ ಇದನ್ನು ತಡೆಯುವ ಹೆಪಾರಿನ್ ಚುಚ್ಚುಮದ್ದನ್ನು 28 ದಿನದವರೆಗೂ ಕೊಡುವುದುಂಟು. ಯೋನಿಯ ತುದಿಯ ಹೊಲಿಗೆ ಗಟ್ಟಿಯಾಗಲು ಕನಿಷ್ಠ ಆರು ವಾರ ಬೇಕು. ಹೊಟ್ಟೆಯ ಮೇಲೆ ಮೂರು ನಾಲ್ಕು ಸಣ್ಣ ರಂಧ್ರ ಮಾತ್ರ ಇರುವ ಲ್ಯಾಪರೋಸ್ಕೋಪಿಯವರು ಹತ್ತೇ ದಿನಕ್ಕೆ ಹುಷಾರಾದಂತೆ ಓಡಾಡುತ್ತಾರೆ, ಆದರೆ ಒಳಗಿನ ಆ ಹೊಲಿಗೆ ಬಿಚ್ಚಿಕೊಳ್ಳುವುದು ಅವರಲ್ಲೇ ಹೆಚ್ಚು. ಆರು ವಾರ 4-5 ಕೆ.ಜಿ.ಗಿಂತ ಭಾರ ಎತ್ತಬಾರದು, ಸಂಭೋಗ ಬೇಡ. ಹಗುರ ಕಂದು ಸ್ರಾವ ಸಹಜ. ಗಂಟೆಗೊಂದು ಪ್ಯಾಡ್ ನೆನೆದರೆ ಆಸ್ಪತ್ರೆಗೆ ಹೊರಡಬೇಕು.

ಅಂಡಾಶಯವೂ ಹೋಗಿದ್ದರೆ ಬಿಸಿಯೇರುವಿಕೆ ದಿನಗಳಲ್ಲೇ ಶುರುವಾಗುತ್ತದೆ. ಅದಕ್ಕೆ ವೆನ್ಲಾಫ್ಯಾಕ್ಸಿನ್, ಗ್ಯಾಬಪೆಂಟಿನ್‌ನಂಥ ಹಾರ್ಮೋನ್ ಅಲ್ಲದ ಔಷಧಿಗಳಿವೆ. ಇದೇ ತೊಂದರೆಗೆ ಬರೆಯುವ ಪ್ಯಾರೊಕ್ಸೆಟಿನ್ ಮಾತ್ರ, ಟಮಾಕ್ಸಿಫೆನ್ ಮುಂದುವರಿಸುವವರಿಗೆ ಸಲ್ಲದು. ಟಮಾಕ್ಸಿಫೆನ್ನನ್ನು ಅದರ ಪ್ರಬಲ ರೂಪಕ್ಕೆ ಬದಲಾಯಿಸುವ ಯಕೃತ್ತಿನ ಕಿಣ್ವವನ್ನೇ ಅದು ತಡೆಯುತ್ತದೆ. ಯೋನಿಯ ಒಣಗುವಿಕೆಗೆ ಮೊದಲು ಹಾರ್ಮೋನ್ ಇಲ್ಲದ ಜೆಲ್‌ಗಳನ್ನು ಬಳಸಬೇಕು. ಮೂಳೆ ಸಾಂದ್ರತೆಯ ಡೆಕ್ಸಾ ಸ್ಕ್ಯಾನ್ ಮಾಡಿಸಿಟ್ಟುಕೊಳ್ಳಬೇಕು, ಯಾಕೆಂದರೆ ಮುಂದಿನ ಮಾತ್ರೆ ಲೆಟ್ರೊಜೋಲ್ ಆಗುವ ಸಾಧ್ಯತೆ ಹೆಚ್ಚು. ಅಂಡಾಶಯ ಉಳಿಸಿಕೊಂಡು ಗರ್ಭಕೋಶ ಮಾತ್ರ ತೆಗೆಸಿದವರಿಗೆ ಟಮಾಕ್ಸಿಫೆನ್ನೇ ಮುಂದುವರಿಯಬಹುದು. ಯಾವ ಮಾತ್ರೆ, ಯಾವ ತಾರೀಖಿನಿಂದ ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಬೇಕು: ನಿಲ್ಲಿಸಿದ ಮಾತ್ರೆಯನ್ನು ಕ್ಯಾನ್ಸರ್ ತಜ್ಞರು ಶುರು ಮಾಡಿಸುತ್ತಾರೆಂದು ಸ್ತ್ರೀರೋಗ ತಜ್ಞರೂ, ಸ್ತ್ರೀರೋಗ ತಜ್ಞರೇ ಮಾಡಿಸಿರುತ್ತಾರೆಂದು ಕ್ಯಾನ್ಸರ್ ತಜ್ಞರೂ ಅಂದುಕೊಂಡು, ತಿಂಗಳುಗಟ್ಟಲೆ ಯಾವ ಮಾತ್ರೆಯೂ ಇಲ್ಲದೆ ಕಳೆದುಹೋಗುವುದಕ್ಕೆ ಅವಕಾಶವಾಗಬಾರದು.