ಕಾಟ್ಲಾ ಸತ್ತ ಹೊಂಡದಲ್ಲಿ ಉಳಿದ ಮೀನು

ಮೇ ತಿಂಗಳ ಕೊನೆಯ ವಾರ. ಬೆಳಗ್ಗೆ ಆರೂವರೆಗೆ ಬೇಲೂರು ತಾಲ್ಲೂಕಿನ ರೈತರೊಬ್ಬರು ಫೋನ್ ಮಾಡಿದರು. "ಸಾರ್, ಕೃಷಿ ಹೊಂಡದಲ್ಲಿ ಕಾಟ್ಲಾ ಎಲ್ಲ ಸತ್ತು ತೇಲ್ತಾವೆ. ಯಾವುದೋ ಮೊಸಳೆ ಮೂತಿ ಮೀನು ಸೇರ್ಕೊಂಡಿದೆ. ಅದೇ ವಿಷ ಬಿಟ್ಟಿರಬೇಕು, ಅದೊಂದೇ ಆರಾಮಾಗಿದೆ."

ಹೋಗಿ ನೋಡಿದೆ. ನೀರು ಅರ್ಧಕ್ಕೆ ಇಳಿದಿತ್ತು, ಗಾಢ ಹಸಿರು ಬಣ್ಣ. ದಂಡೆಯುದ್ದಕ್ಕೂ ಮುಕ್ಕಾಲು ಕೆಜಿ ತೂಗುವ ಕಾಟ್ಲಾಗಳು ಬಾಯಿ ತೆರೆದು ಸತ್ತು ಬಿದ್ದಿದ್ದವು. ಹೊಂಡದ ನಡುವೆ ಒಣ ಕೊಂಬೆಯಂಥದ್ದೇನೋ ತೇಲುತ್ತಿತ್ತು. ನೋಡುತ್ತಿದ್ದ ಹಾಗೇ ಅದು ಮೂತಿ ಎತ್ತಿ ಒಂದು ಗುಟುಕು ಗಾಳಿ ನುಂಗಿತು. ಎರಡು ಗುಳ್ಳೆ ಬಿಟ್ಟು ಕೆಳಗಿಳಿಯಿತು. ಅಲಿಗೇಟರ್ ಗಾರ್, ಅಮೆರಿಕದ ಮೀನು.

ಅಲ್ಲೇ ನಿಂತಿದ್ದ ಅವರ ಮಗ ಸ್ವಲ್ಪ ಹೊತ್ತಿನ ಮೇಲೆ ಬಾಯಿ ಬಿಟ್ಟ. ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ತಂದದ್ದಂತೆ. ಆಗ ಒಂದು ಗೇಣು ಉದ್ದ. ಗಾಜಿನ ತೊಟ್ಟಿಯಲ್ಲಿ ತಿರುಗೋಕೂ ಜಾಗ ಸಾಲದಾದಾಗ, ದೀಪಾವಳಿ ಕಳೆದ ಮೇಲೆ ಹೊಂಡಕ್ಕೆ ಬಿಟ್ಟಿದ್ದಾನೆ. "ಸಾಯ್ಸೋಕೆ ಮನಸ್ಸು ಬರ್ಲಿಲ್ಲ ಸಾರ್" ಅಂದ. ಬಹಳ ಜನ ಹೀಗೇ ಬಿಡುವುದು. ಪ್ರೀತಿಯಿಂದಲೇ ಬಿಡುತ್ತಾರೆ.

ಕಾಟ್ಲಾ ಸತ್ತಿದ್ದು ಗಾರ್‌ನಿಂದ ಅಲ್ಲ. ಮೀಟರ್ ಇಳಿಸಿದರೆ ನೀರಿನಲ್ಲಿ ಆಮ್ಲಜನಕ ಲೀಟರಿಗೆ 1 ಮಿಲಿಗ್ರಾಂ. ಕಾಟ್ಲಾದಂಥ ಗೆಂಡೆ ಜಾತಿಗೆ 5 ಇದ್ದರೆ ಚೆನ್ನ. ಪಾಚಿ ಹಗಲು ಬಿಸಿಲಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಎಳೆದುಕೊಳ್ಳುತ್ತದೆ. ಮೂರು ದಿನ ಮೋಡ ಕವಿದಿತ್ತು. ಬೆಳಗಿನ ಜಾವಕ್ಕೆ ನೀರಿನ ಉಸಿರೇ ಮುಗಿದಿತ್ತು. ಗಾರ್‌ಗೆ ಅದರ ಹಂಗಿಲ್ಲ. ಅದರ ಗಾಳಿ ಚೀಲ ಗಂಟಲಿಗೆ ಕೂಡಿಕೊಂಡಿದೆ, ಒಳಗೆಲ್ಲ ರಕ್ತನಾಳ. ಕಿವಿರು ಸೋತಾಗ ಆ ಚೀಲವೇ ಶ್ವಾಸಕೋಶ.

ಬಿತ್ತನೆ ಮರಿಗಳ ಲೆಕ್ಕ ಬೇರೆ. ಹೋದ ಮಳೆಗಾಲದಲ್ಲಿ ಅವರು 1,000 ಮರಿ ಬಿಟ್ಟಿದ್ದರು. ಸತ್ತವನ್ನೆಲ್ಲ ಎಣಿಸಿದರೆ ನೂರೂ ಆಗಲಿಲ್ಲ. ನೀರುಕಾಗೆಯ ಪಾಲೂ ಇರಬಹುದು, ಆದರೆ ದೊಡ್ಡ ಪಾಲು ಗಾರ್‌ನದೇ. ಅದು ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವುದಿಲ್ಲ. ಮರದ ತುಂಡಿನ ಹಾಗೆ ಬಿದ್ದಿದ್ದು, ಮರಿ ಪಕ್ಕಕ್ಕೆ ಬಂದಾಗ ತಲೆಯನ್ನು ಅಡ್ಡಕ್ಕೆ ಬೀಸಿ ಹಿಡಿಯುತ್ತದೆ. ಮೇಲಿನ ದವಡೆಯಲ್ಲಿ ಎರಡು ಸಾಲು ಹಲ್ಲು. ಸಿಕ್ಕಿದ್ದು ಜಾರುವುದಿಲ್ಲ.

ಅದನ್ನು ಹಿಡಿಯಲೇಬೇಕಿತ್ತು, ಅದೂ ಮುಂಗಾರಿಗೆ ಮೊದಲು. ಯಾಕೆ ಅಂತ ಹೇಳಲು ಅದರ ಊರಿನ ವಿಷಯಕ್ಕೆ ಬರಬೇಕು.

ಅಲಿಗೇಟರ್ ಗಾರ್ ಅಮೆರಿಕದ ಮಿಸಿಸಿಪ್ಪಿ ನದಿಯ ಕೆಳಭಾಗ, ಟೆಕ್ಸಾಸ್, ಲೂಸಿಯಾನ, ಮೆಕ್ಸಿಕೊ ಕೊಲ್ಲಿಯ ಅಂಚಿನ ಮೀನು. ನಿಧಾನಕ್ಕೆ ಹರಿಯುವ ದೊಡ್ಡ ಹೊಳೆ, ಹೊಳೆ ದಾರಿ ಬದಲಿಸಿದಾಗ ಉಳಿದ ಮಡು, ಜೌಗು ಇವೇ ಅದರ ಮನೆ. 2011ರಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿ ಸಿಕ್ಕ ಒಂದು ಗಾರ್ ಎಂಟೂ ಕಾಲು ಅಡಿಗಿಂತ ಉದ್ದ, ಸುಮಾರು 148 ಕೆಜಿ ತೂಕ ಇತ್ತು. ಹೆಣ್ಣು ಗಾರ್ ಮೊಟ್ಟೆ ಇಡುವ ವಯಸ್ಸಿಗೆ ಬರಲು ಹತ್ತು ವರ್ಷಕ್ಕೂ ಜಾಸ್ತಿ ಬೇಕು.

ಇನ್ನು ಮೊಟ್ಟೆ ಇಡುವ ರೀತಿ. ನಮ್ಮ ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಮೊದಲ ಜೋರು ಮಳೆಗೆ ಮೊಟ್ಟೆ ಇಡಲು ಮೀನು ಹಳ್ಳದಿಂದ ಗದ್ದೆಗೆ ಹತ್ತುತ್ತವಲ್ಲ, ಹತ್ತುಮೀನು ಅಂತೀವಲ್ಲ, ಅದೇ ಕತೆ. ವಸಂತದಲ್ಲಿ ಹೊಳೆ ದಡ ಮೀರಿ ಬಯಲಿಗೆ ನುಗ್ಗಿದಾಗ ಗಾರ್ ಆ ನೀರಿನ ಜೊತೆ ಹೋಗುತ್ತದೆ. ಮುಳುಗಿದ ಹುಲ್ಲು, ಪೊದೆಗೆ ಅಂಟು ಮೊಟ್ಟೆ ಇಡುತ್ತದೆ. ಎರಡು ಮೂರು ದಿನಕ್ಕೆ ಮರಿ ಹೊರಬರುತ್ತದೆ. ಮರಿಯ ಮೂತಿ ತುದಿಯಲ್ಲಿ ಒಂದು ಅಂಟುಬಿಲ್ಲೆ. ಅದರಿಂದ ಹುಲ್ಲಿನ ಕಡ್ಡಿಗೆ ಕಚ್ಚಿಕೊಂಡು, ಹೊಟ್ಟೆಗಂಟಿದ ಮೊಟ್ಟೆಯ ಹಳದಿ ಕರಗುವವರೆಗೂ ನೇತಾಡುತ್ತದೆ. ನೆರೆ ಬೇಗ ಇಳಿದುಬಿಟ್ಟರೆ ಆ ವರ್ಷದ ಮರಿ ಹೋಯಿತು.

ಅಲ್ಲಿ ಈ ಮೀನು ಕಡಿಮೆಯಾಗಿದ್ದಕ್ಕೆ ಒಂದು ದೊಡ್ಡ ಕಾರಣ ಇದೇ. ಹೊಳೆಗೆ ಅಣೆಕಟ್ಟು, ದಡಕ್ಕೆ ಏರಿ ಕಟ್ಟಿ ನೆರೆಯನ್ನು ಬಯಲಿಗೆ ಬಿಡದೇ ಹೋದರು. ಇನ್ನೊಂದು ಕಾರಣ ಜನರ ಸಿಟ್ಟು. ಬೇಕಾದ ಮೀನನ್ನೆಲ್ಲ ಇದೇ ತಿನ್ನುತ್ತದೆ ಅಂತ 1930ರ ದಶಕದಲ್ಲಿ ಟೆಕ್ಸಾಸ್‌ನವರು ದೋಣಿಯಿಂದ ನೀರಿಗೆ ಕರೆಂಟ್ ಬಿಟ್ಟು ಕೊಂದರು. 2009ರಿಂದ ಅದೇ ಟೆಕ್ಸಾಸ್‌ನಲ್ಲಿ ಒಬ್ಬರು ದಿನಕ್ಕೆ ಒಂದೇ ಹಿಡಿಯಬೇಕು ಎಂಬ ಮಿತಿ ಇದೆ. ಅಲ್ಲಿ ಅದು ಉಳಿಯಬೇಕಾದ ಮೀನು. ಅದರಲ್ಲಿ ನನಗೆ ಎರಡು ಮಾತಿಲ್ಲ.

ಇಲ್ಲಿ ಮಾತ್ರ ಬೇಡ. ಬೆಚ್ಚಗಿನ ನೀರು, ಮಳೆಗೆ ಮುಳುಗುವ ಹುಲ್ಲು, ಅದು ಬಯಸುವುದೆಲ್ಲ ನಮ್ಮಲ್ಲಿದೆ. ಆ ಹೊಂಡದ ಕೋಡಿ ನೀರು ಹಳ್ಳಕ್ಕೆ, ಹಳ್ಳ ಯಗಚಿಗೆ, ಯಗಚಿ ಹೇಮಾವತಿಗೆ, ಹೇಮಾವತಿ ಕಾವೇರಿಗೆ. ದೊಡ್ಡ ಗಾರ್‌ಗೆ ಎದುರು ನಿಲ್ಲುವ ಮೀನು ಈ ದಾರಿಯಲ್ಲಿ ಎಲ್ಲೂ ಇಲ್ಲ. 2023ರಲ್ಲಿ ಭೋಪಾಲದ ದೊಡ್ಡ ಕೆರೆಯಲ್ಲೂ ಕಾಶ್ಮೀರದ ದಾಲ್ ಸರೋವರದಲ್ಲೂ ಈ ಮೀನು ಸಿಕ್ಕಿತ್ತು.

ಎಳೆ ಬಲೆ ಹಾಕಿ ಮೂರನೇ ಸಲಕ್ಕೆ ಹಿಡಿದೆವು. ಎರಡೂವರೆ ಅಡಿ ಇತ್ತು. ಕೊಲ್ಲಬೇಕಾಯಿತು. ಹುಡುಗ ಮುಖ ತಿರುಗಿಸಿ ನಿಂತ, ನನಗೂ ಹಗುರವಾಗಿರಲಿಲ್ಲ. ಹೊಟ್ಟೆ ಸೀಳಲು ಹೋದರೆ ಚಾಕು ಜಾರಿತು. ಕೊನೆಗೆ ತಗಡು ಕತ್ತರಿ ತರಿಸಿದೆವು. ಗಾರ್ ಹುರುಪೆ ಕಾಟ್ಲಾದ್ದರ ಹಾಗೆ ತೆಳು ಬಿಲ್ಲೆ ಅಲ್ಲ. ವಜ್ರದಾಕಾರದ ಮೂಳೆ ತುಂಡು, ಮೇಲೆ ನಮ್ಮ ಹಲ್ಲಿನಂಥ ಹೊಳಪಿನ ಪದರ. ಹೆಂಚು ಹೊದಿಸಿದ ಹಾಗೆ ಸಾಲಾಗಿ ಕೂಡಿಕೊಂಡಿರುತ್ತದೆ. ಅಮೆರಿಕದ ಮೂಲ ನಿವಾಸಿಗಳು ಅದನ್ನು ಬಾಣದ ಮೊನೆಗೆ ಬಳಸುತ್ತಿದ್ದರು. ಡೈನೋಸಾರ್ ಕಾಲದ ಕೊನೆಯ ಪದರಗಳಲ್ಲಿ, ನಮ್ಮ ಮಧ್ಯ ಭಾರತದಲ್ಲೇ, ಗಾರ್ ಜಾತಿಯ ಪಳೆಯುಳಿಕೆ ಸಿಕ್ಕಿದೆ. ಆಮೇಲೆ ಆ ವಂಶ ಇಲ್ಲಿ ಅಳಿಯಿತು. ಇವತ್ತಿನ ನಮ್ಮ ಮೀನುಗಳಿಗೆ ಅದರ ಪರಿಚಯ ಇಲ್ಲ.

ಒಂದು ಎಚ್ಚರಿಕೆ. ನಮ್ಮ ಹೊಳೆಗಳಲ್ಲೂ ಉದ್ದ ಕೊಕ್ಕಿನ, ಕಡ್ಡಿಯಂಥ ಹಸಿರು ಮೀನು ಇದೆ. ಒಂದಡಿ ಮೀರುವುದು ಕಡಿಮೆ. ಅದು ನಮ್ಮದೇ, ಸುಮ್ನೆ ಕೊಲ್ಲಬೇಡಿ. ಗಾರ್‌ನದು ಅಗಲ ಮೂತಿ, ದಪ್ಪ ಮೈ, ಒರಟು ಹುರುಪೆ. ಬಲೆಗೆ ಬಿದ್ದರೆ ನೀರಿಗೆ ವಾಪಸ್ ಬಿಡದೆ ತಾಲ್ಲೂಕಿನ ಮೀನುಗಾರಿಕೆ ಕಚೇರಿಗೆ ತಿಳಿಸಿ. ಅದರ ಮೊಟ್ಟೆ ವಿಷ, ನಾಯಿಗೂ ಹಾಕಬೇಡಿ. ಮನೆಯಲ್ಲಿ ಸಾಕಿ ಸಾಕಾದವರೂ ಅದೇ ಕಚೇರಿಯಲ್ಲಿ ಕೇಳಿ. ಕೆರೆಗೆ ಬಿಡುವ ಯೋಚನೆ ಮಾತ್ರ ಬೇಡ.

ಆ ರೈತರು ಕೋಡಿ ಪೈಪಿಗೆ ಜಾಲರಿ ಕಟ್ಟಿದ್ದಾರೆ. ಮೋಡದ ದಿನ ಬೆಳಗಿನ ಜಾವ ಪಂಪ್ ಹಾಕಿ ಹೊಂಡದ ನೀರನ್ನೇ ಎತ್ತಿ ಸುರಿಯಲು ಹೇಳಿದ್ದೇನೆ. ಆಗಸ್ಟ್‌ನಲ್ಲಿ ಮತ್ತೆ ಮರಿ ಬಿಡುತ್ತಾರೆ.